ಎ ವಿಭಾಗದಿಂದ ಸಿ ವಿಭಾಗಕ್ಕೆ: ಅಂಕಗಳ ಒತ್ತಡ ಮತ್ತು ನಮ್ಮ ಮಕ್ಕಳು

ಎಂಟನೇ ತರಗತಿ ಬಾಲಕನ ತಾಯಿ, ವಿದ್ಯಾನಗರ, ದಾವಣಗೆರೆ

ನಮ್ಮೂರಿನ ಪೋಷಕರು, ಶಿಕ್ಷಕರು ಹಾಗೂ ಮಕ್ಕಳ ಮನಸ್ಸನ್ನು ಬಲ್ಲವರು ದಯವಿಟ್ಟು ಇದನ್ನು ಪೂರ್ತಿ ಓದಿ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಶಾಲೆ ಆರಂಭವಾಗಿ ತಿಂಗಳು ಕಳೆಯುವಷ್ಟರಲ್ಲಿ ನನ್ನ ಮಗನಿಗೆ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಕಾಣಿಸಿಕೊಳ್ಳತೊಡಗಿತು. ಭಾನುವಾರ ಹೊರಗೆ ತಿಂದದ್ದು ಒಗ್ಗಿಲ್ಲವೆಂದು ಭಾವಿಸಿ ಮೊದಲೆರಡು ವಾರ ಓಮದ ನೀರು ಕುಡಿಸಿ ಕಳುಹಿಸಿದೆ. ಮೂರನೆಯ ವಾರ ಅವನು ಸಮವಸ್ತ್ರ ತೊಟ್ಟು, ಶೂ ಹಾಕಿಕೊಂಡು, ಬಾಗಿಲ ಬಳಿ ಕುಳಿತವನು ಏಳಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು ಬೆವರುತ್ತಿದ್ದ. ಮಕ್ಕಳ ವೈದ್ಯರು ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲವನ್ನೂ ಮಾಡಿಸಿದರು. ಯಾವುದರಲ್ಲೂ ದೋಷವಿರಲಿಲ್ಲ. ಆಮೇಲೆ ಅವರು ನನ್ನನ್ನು ಬಿಟ್ಟು ಮಗನ ಕಡೆಗೇ ತಿರುಗಿ, "ಭಾನುವಾರ ನೋವು ಬರುತ್ತದೆಯೇನಪ್ಪ?" ಎಂದು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. "ಹಾಗಾದರೆ ಸೋಮವಾರ ಶಾಲೆಯಲ್ಲಿ ಏನಿರುತ್ತದೆ?" ಎಂಬ ಪ್ರಶ್ನೆಗೆ ಅವನು ಉತ್ತರಿಸಲಿಲ್ಲ, ಕಣ್ಣು ತುಂಬಿಕೊಂಡ.

ಸೋಮವಾರ ಅವರ ಶಾಲೆಯಲ್ಲಿ 25 ಅಂಕಗಳ ವಾರದ ಪರೀಕ್ಷೆ ಇರುತ್ತದೆ. ಅದು ನನಗೆ ಗೊತ್ತಿತ್ತು. ತಿಂಗಳ ಕೊನೆಗೆ ಆ ಅಂಕಗಳನ್ನೆಲ್ಲ ಕೂಡಿಸಿ ಮಕ್ಕಳನ್ನು ಎ, ಬಿ, ಸಿ ಎಂದು ಮತ್ತೆ ವಿಂಗಡಿಸುತ್ತಾರೆಂಬುದು ಮಾತ್ರ ತಿಳಿದಿರಲಿಲ್ಲ. ಜುಲೈ ಕೊನೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹೆಸರುಗಳನ್ನು ಓದಿದರಂತೆ. ಓದಿದ ಹೆಸರಿನವರು ಬ್ಯಾಗು, ನೀರಿನ ಬಾಟಲಿ, ಊಟದ ಡಬ್ಬಿ ಎತ್ತಿಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಮೊಗಸಾಲೆಯ ಆ ತುದಿಗೆ ನಡೆಯಬೇಕು. ನನ್ನ ಮಗ ಹಾಗೆ ಎ ವಿಭಾಗದಿಂದ ಸಿ ವಿಭಾಗಕ್ಕೆ ನಡೆದ. ಐದನೇ ತರಗತಿಯಿಂದ ಅವನ ಪಕ್ಕ ಕೂರುತ್ತಿದ್ದ ಗೆಳೆಯ ಎ ವಿಭಾಗದಲ್ಲೇ ಉಳಿದ.

ಈ ಸಂಗತಿ ನನಗೆ ಅವನ ಬಾಯಿಂದ ತಿಳಿಯಲಿಲ್ಲ. ಅವನ ಜಾಮಿಟ್ರಿ ಬಾಕ್ಸು ತೆರೆದಾಗ, ಕೈವಾರದ ಕೆಳಗೆ, ಬೆರಳಿನ ಗಾತ್ರಕ್ಕೆ ಮಡಚಿಟ್ಟಿದ್ದ ಗಣಿತದ ಉತ್ತರಪತ್ರಿಕೆ ಸಿಕ್ಕಿತು. 25ಕ್ಕೆ 9. ಪೋಷಕರ ಸಹಿಯ ಜಾಗದಲ್ಲಿ ನನ್ನ ಸಹಿಯನ್ನು ಪೆನ್ಸಿಲಿನಲ್ಲಿ ಬರೆಯಲು ಯತ್ನಿಸಿ, ಕಾಗದ ತೆಳುವಾಗುವವರೆಗೆ ಅಳಿಸಿದ್ದ. ಹದಿಮೂರು ವರ್ಷದ ಹುಡುಗ ನನ್ನ ಸಹಿಯನ್ನು ಅನುಕರಿಸುವಷ್ಟು ಹೆದರಿದ್ದನೆಂದರೆ, ಆ ಭಯದಲ್ಲಿ ಶಾಲೆಯ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. "ಅವನಿಗೆ ಎಷ್ಟು ಬಂತು?" ಎಂದು ಗೆಳೆಯನ ಅಂಕವನ್ನು ಪ್ರತಿ ವಾರ ಮೊದಲು ಕೇಳುತ್ತಿದ್ದವಳು ನಾನೇ.

ಮಕ್ಕಳು ಓದಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಗಣಿತ ಅವನಿಗೆ ಕಷ್ಟ. ಆದರೂ ಬಿಡದೆ ಕುಳಿತು ಮಾಡುತ್ತಿದ್ದ. ಓದಿನ ಭಾರವನ್ನು ಮಗು ಹೊರಬಲ್ಲದು, ನಾಲ್ಕು ಜನರೆದುರು ಕುಗ್ಗುವುದನ್ನು ಹೊರಲಾರದು ಎಂಬುದು ನನ್ನ ಅನುಭವ. ಬೇರೆ ಶಾಲೆಗಳಲ್ಲಿಯೂ ಹೀಗಿದೆಯೇ? ನಾವು ಕೆಲವು ಪೋಷಕರು ಸೇರಿ ಏನನ್ನಾದರೂ ಮಾಡಲು ಸಾಧ್ಯವೇ?

ಸರ್ಕಾರಿ ಪ್ರೌಢಶಾಲಾ ಶಿಕ್ಷಕ, ಜಗಳೂರು ತಾಲ್ಲೂಕು

ತಾಯಿಯವರೇ, ತಾವು ಬರೆದದ್ದನ್ನು ಎರಡು ಸಲ ಓದಿದೆ. ನಮ್ಮಲ್ಲಿ ಎ, ಬಿ, ಸಿ ಎಂದು ವಿಂಗಡಿಸುವಷ್ಟು ಮಕ್ಕಳೇ ಇಲ್ಲ. ಆದರೂ ಒತ್ತಡ ಇದೆ, ಅದರ ದಾರಿ ಬೇರೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳ ಪಟ್ಟಿ ಪ್ರಕಟವಾಗುತ್ತದೆ. ಜಿಲ್ಲೆ ಕೆಳಗಿಳಿದರೆ ಉಪನಿರ್ದೇಶಕರು ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕೇಳುತ್ತಾರೆ, ಅವರು ಮುಖ್ಯ ಶಿಕ್ಷಕರನ್ನು ಕೇಳುತ್ತಾರೆ, ಮುಖ್ಯ ಶಿಕ್ಷಕರು ನಮ್ಮನ್ನು ಕೇಳುತ್ತಾರೆ. ನಮ್ಮ ಕೆಳಗೆ ಉಳಿಯುವುದು ಮಗು ಮಾತ್ರ. ಜೂನ್ ತಿಂಗಳಲ್ಲಿಯೇ ಯಾರು ಪಾಸಾಗುತ್ತಾರೆ, ಯಾರು ಪಾಸಾಗುವುದಿಲ್ಲ ಎಂದು ಪಟ್ಟಿ ಮಾಡಿ, ಹಿಂದುಳಿದವರಿಗೆ "ಪಾಸಿಂಗ್ ಪ್ಯಾಕೇಜ್" ಎಂಬ ಹೆಸರಿನಲ್ಲಿ ಆಯ್ದ ಪ್ರಶ್ನೆಗಳನ್ನು ಉರು ಹೊಡೆಸುತ್ತೇವೆ. ಆ ಪಟ್ಟಿಯಲ್ಲಿ ತನ್ನ ಹೆಸರಿದೆಯೆಂದು ಮಗುವಿಗೆ ಗೊತ್ತಾಗದೇ ಇರುವುದಿಲ್ಲ. ಒಮ್ಮೆ ಗೊತ್ತಾದ ಮೇಲೆ ಅದು ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತದೆ. ಇದನ್ನು ನಾನು ವರ್ಷ ವರ್ಷವೂ ಕಂಡಿದ್ದೇನೆ.

ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಪರೀಕ್ಷೆಗೆ ಮೂರು ತಿಂಗಳಿರುವಾಗ ಬೆಳಗಿನ ಐದು ಗಂಟೆಗೆ ಮಕ್ಕಳ ಮನೆಗಳಿಗೆ ಫೋನ್ ಮಾಡಿ ಓದಲು ಎಬ್ಬಿಸುವ ಪದ್ಧತಿ ನಮ್ಮಲ್ಲಿ ಅನೇಕರಿಗೆ ಇದೆ. ಒಳ್ಳೆಯ ಉದ್ದೇಶದಿಂದಲೇ ನಾನೂ ಅದನ್ನು ಮಾಡುತ್ತಿದ್ದೆ. ತಾಂಡಾದಿಂದ ಬರುವ ಒಬ್ಬ ಹುಡುಗಿ ಪ್ರತಿದಿನ ಮೊದಲ ರಿಂಗಿಗೇ ಫೋನ್ ಎತ್ತುತ್ತಿದ್ದಳು, ತರಗತಿಯಲ್ಲಿ ಮಾತ್ರ ತೂಕಡಿಸುತ್ತಿದ್ದಳು. ಒಂದು ದಿನ ಗದರಿಸಿದೆ. ಮರುದಿನ ಫೋನ್ ಎತ್ತಿದ ಅವಳ ಅವ್ವ, "ಸಾರ್, ನಾವು ಮೆಕ್ಕೆಜೋಳದ ಕೆಲಸ ಮುಗಿಸಿ ಬರೋದೇ ರಾತ್ರಿ ಆಗ್ತೈತಿ, ರೊಟ್ಟಿ ಬಡಿಯೋಳು ಅವಳೇ, ಮಲಗೋದು ಹನ್ನೊಂದಕ್ಕೆ" ಎಂದರು. ಅಂದರೆ ಆ ಮಗು ಮಲಗುತ್ತಿದ್ದುದು ಹೆಚ್ಚೆಂದರೆ ಆರು ಗಂಟೆ. ಬೆಳಗಿನ ನಿದ್ದೆಯನ್ನು ನಾನೇ ಕಿತ್ತುಕೊಳ್ಳುತ್ತಿದ್ದೆ. ಅಂದಿನಿಂದ ಫೋನ್ ಮಾಡುವುದನ್ನು ನಿಲ್ಲಿಸಿ, ಮಧ್ಯಾಹ್ನದ ಬಿಸಿಯೂಟದ ನಂತರ ಅರ್ಧ ಗಂಟೆ ಅವಳಿಗೆ ಗಣಿತವನ್ನು ಐದನೇ ತರಗತಿಯ ಭಾಗಾಕಾರದಿಂದ ಹೇಳಿಕೊಟ್ಟೆ. ಅವಳ ತೊಡಕು ಇದ್ದದ್ದು ಅಲ್ಲಿ.

2023-24ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ, ಬರೆದವುಗಳಲ್ಲಿ ಉತ್ತಮ ಅಂಕವನ್ನು ಉಳಿಸಿಕೊಳ್ಳಬಹುದು. 625 ಅಂಕಗಳ ಒಂದೇ ಪರೀಕ್ಷೆ ಬದುಕನ್ನು ನಿರ್ಧರಿಸುತ್ತದೆ ಎಂಬ ಭಯ ಇದರಿಂದ ತಗ್ಗಬೇಕಿತ್ತು, ಕೆಲವು ಮಕ್ಕಳಲ್ಲಿ ತಗ್ಗಿರುವುದೂ ನಿಜ. ಅದೇ ವರ್ಷ 5, 8 ಮತ್ತು 9ನೇ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ಆರಂಭವಾಗಿ, ನಡುವೆ ನಿಂತು, ಮತ್ತೆ ನಡೆಯಿತು, ಕೊನೆಗೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿತು. ಪರೀಕ್ಷೆ ನಡುವೆ ನಿಂತಾಗ ಮಕ್ಕಳು "ಸಾರ್, ನಾಳೆ ಪರೀಕ್ಷೆ ಇದೆಯೋ ಇಲ್ಲವೋ?" ಎಂದು ಕೇಳುತ್ತಿದ್ದರು, ನಮ್ಮ ಬಳಿ ಉತ್ತರವಿರಲಿಲ್ಲ. ದೊಡ್ಡವರ ಗೊಂದಲ ಮಕ್ಕಳ ನಿದ್ದೆಯನ್ನು ಹೇಗೆ ಕೆಡಿಸುತ್ತದೆಂದು ಆ ಎರಡು ವಾರಗಳಲ್ಲಿ ನೋಡಿದೆ.

ಮೆಕ್ಕೆಜೋಳದ ವರ್ತಕ, ಇಬ್ಬರು ಮಕ್ಕಳ ತಂದೆ, ದಾವಣಗೆರೆ

ತಾಯಿಯವರ ನೋವು ನನಗೆ ಅರ್ಥವಾಗುತ್ತದೆ, ಮೇಷ್ಟ್ರ ಪ್ರಾಮಾಣಿಕತೆಗೆ ಕೈಮುಗಿಯುತ್ತೇನೆ. ಆದರೂ ಇನ್ನೊಂದು ಮಗ್ಗುಲನ್ನು ಯಾರಾದರೂ ಹೇಳಲೇಬೇಕು.

ನಮ್ಮ ತಂದೆ ಹತ್ತಿ ಗಿರಣಿಯಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಒಲೆ ಹೊತ್ತಿಸುವುದೇ ಕಷ್ಟವಾಯಿತು. ಕೆಲವರು ಮಂಡಕ್ಕಿ ಭಟ್ಟಿಗೆ ಹೋದರು, ಕೆಲವರು ಹಮಾಲಿಗೆ ನಿಂತರು. ಅದೇ ಓಣಿಯಲ್ಲಿ ಓದಿದ ಮೂರು ಮನೆಗಳ ಮಕ್ಕಳು ಎದ್ದು ನಿಂತರು. 1951ರಲ್ಲಿ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ವೈದ್ಯಕೀಯ ಕಾಲೇಜು ಬಂದ ಊರು ಇದು; ವಿದ್ಯೆ ಒಂದಿದ್ದರೆ ಬದುಕಬಹುದು ಎಂಬುದನ್ನು ನಾವು ಯಾರೋ ಹೇಳಿದ್ದಕ್ಕೆ ನಂಬಿದವರಲ್ಲ, ಕಣ್ಣಾರೆ ಕಂಡು ನಂಬಿದವರು.

ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಸರ್ಕಾರಿ ಸೀಟು ಕೈತಪ್ಪುತ್ತದೆ, ಖಾಸಗಿ ಸೀಟಿನ ಶುಲ್ಕ ಕಟ್ಟುವುದಕ್ಕೆ ನಮ್ಮಂಥವರು ಹೊಲ ಮಾರಬೇಕು. ಇಂಥ ಸ್ಪರ್ಧೆಗೆ ಮಗುವನ್ನು ಬಿಗಿಯಾಗಿ ಸಿದ್ಧಪಡಿಸದಿದ್ದರೆ ನಾಳೆ ಅದೇ ಮಗು ನಮ್ಮನ್ನು ದೂರುವುದಿಲ್ಲವೇ? ನಮ್ಮ ಹೆಡ್ ಮೇಷ್ಟ್ರು ಬೆತ್ತ ಹಿಡಿಯದಿದ್ದರೆ ನಾನು ಪಿಯುಸಿ ಮುಟ್ಟುತ್ತಿರಲಿಲ್ಲ. ಒತ್ತಡವೇ ಬೇಡವೆಂದರೆ ಬಡವರ ಮಕ್ಕಳೇ ಮೊದಲು ಹಿಂದುಳಿಯುತ್ತಾರೆ. ಬಲ್ಲವರು ಇದಕ್ಕೆ ಉತ್ತರಿಸಬೇಕು.

ಮನೋವೈದ್ಯೆ, ದಾವಣಗೆರೆ

ವರ್ತಕರು ಕೇಳಿದ ಪ್ರಶ್ನೆ ನನ್ನ ಬಳಿ ಬರುವ ಬಹುತೇಕ ತಂದೆಯರ ಪ್ರಶ್ನೆಯೂ ಹೌದು. ಅದರ ಹಿಂದೆ ಇರುವುದು ಪ್ರೀತಿ ಮತ್ತು ನಿಜವಾದ ಭಯ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಆ ಬಾಲಕನ ಹೊಟ್ಟೆನೋವಿನ ವಿಷಯ. ಅದು ನಾಟಕವಲ್ಲ. ಭಯವಾದಾಗ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸದೂತಗಳು (ಹಾರ್ಮೋನುಗಳು) ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಕರುಳಿನ ಚಲನೆ ಏರುಪೇರಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಹುಲಿ ಎದುರಾದರೆ ಓಡಿ ಪಾರಾಗಲು ದೇಹ ಮಾಡಿಕೊಂಡಿರುವ ಏರ್ಪಾಡು ಇದು. ಓಡಿಹೋಗಲಾಗದ ತರಗತಿಯ ಕೋಣೆಯಲ್ಲಿ ವಾರವಾರವೂ ಇದೇ ನಡೆದರೆ ನೋವು ಹೊಟ್ಟೆಯಲ್ಲಿ, ತಲೆಯಲ್ಲಿ ಮನೆಮಾಡುತ್ತದೆ. ಸ್ಕ್ಯಾನಿಂಗಿನಲ್ಲಿ ಕಾಣದಿದ್ದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ಇನ್ನು ಒತ್ತಡದಿಂದ ಪ್ರಯೋಜನವಿಲ್ಲವೇ ಎಂಬ ಪ್ರಶ್ನೆ. ಪ್ರಯೋಜನ ಇದೆ, ಒಂದು ಮಿತಿಯವರೆಗೆ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಮನೋವಿಜ್ಞಾನಿಗಳು 1908ರಲ್ಲಿಯೇ, ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಪ್ರಚೋದನೆ ಹೆಚ್ಚಿದಂತೆ ಕಲಿಕೆ ಹೆಚ್ಚಿ ಒಂದು ಹಂತದ ನಂತರ ಕುಸಿಯುತ್ತದೆಂದೂ, ಕೆಲಸ ಕಠಿಣವಾದಷ್ಟೂ ಆ ಕುಸಿತ ಬೇಗ ಬರುತ್ತದೆಂದೂ ತೋರಿಸಿದರು. ಗಣಿತ ಮಾಡುವಾಗ ನಾವು ಸಂಖ್ಯೆಗಳನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಆ ಜಾಗವನ್ನು "ಸಿ ವಿಭಾಗಕ್ಕೆ ಹೋಗುತ್ತೇನೆ" ಎಂಬ ಚಿಂತೆ ತುಂಬಿಕೊಂಡರೆ ಲೆಕ್ಕ ಹಿಡಿಯಲು ಎಡೆಯೇ ಉಳಿಯುವುದಿಲ್ಲ. ಹೀಗಾಗಿ ಅಂಕ ಹೆಚ್ಚಿಸಲೆಂದು ಹೇರಿದ ಭಯವೇ ಅಂಕವನ್ನು ಇಳಿಸುತ್ತದೆ.

ವರ್ತಕರ ಹೆಡ್ ಮೇಷ್ಟ್ರ ಬಗ್ಗೆಯೂ ಒಂದು ಮಾತು. ವರ್ತಕರನ್ನು ಓದಿಸಿದ್ದು ಬೆತ್ತವೋ, ಅಥವಾ ಈ ಹುಡುಗ ಓದಲೇಬೇಕೆಂದು ಬೆನ್ನುಹತ್ತಿದ ಒಬ್ಬ ಹಿರಿಯರ ಕಾಳಜಿಯೋ ಎಂದು ಅವರೇ ನೆನಪಿಸಿಕೊಂಡು ನೋಡಲಿ. ಅದೇ ಬೆತ್ತದ ಏಟಿಗೆ ಶಾಲೆ ಬಿಟ್ಟವರು ತಮ್ಮ ಕಥೆ ಬರೆಯಲು ಇಲ್ಲಿಗೆ ಬಂದಿಲ್ಲ.

ನಿದ್ದೆಯ ಬಗ್ಗೆ ಶಿಕ್ಷಕರು ಹೇಳಿದ್ದು ಬಹಳ ಮುಖ್ಯ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿಯೇ. ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತು ಸಹಜವಾಗಿ ತಡವಾಗುತ್ತದೆ, ಅದನ್ನು ಸೋಮಾರಿತನವೆಂದು ತಿಳಿಯಬಾರದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡರು. ಕಾರಣಗಳು ಹಲವು, ಎಲ್ಲವನ್ನೂ ಪರೀಕ್ಷೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಮಗು ಇಷ್ಟದ ಆಟ, ಗೆಳೆಯರನ್ನು ಬಿಟ್ಟು ದೂರವಾದರೆ, ಊಟ ನಿದ್ದೆ ಬದಲಾದರೆ, ತನಗೆ ಪ್ರಿಯವಾದ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ, "ನಾನಿಲ್ಲದಿದ್ದರೇ ನಿಮಗೆ ಒಳ್ಳೆಯದು" ಎಂಬರ್ಥದ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಪಕ್ಕ ಕುಳಿತು ನೇರವಾಗಿ ಕೇಳಿ; ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮಕ್ಕಳೇ ನೇರವಾಗಿ 1098ಕ್ಕೂ ಕರೆ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿಯೂ ನೆರವು ದೊರೆಯುತ್ತದೆ, ಅದಕ್ಕೆ ನಾಚಿಕೆಪಡಬೇಕಾದದ್ದು ಏನೂ ಇಲ್ಲ.

ನಿವೃತ್ತ ಶಿಕ್ಷಕ, ಚಿತ್ರದುರ್ಗ

ಈ ಚರ್ಚೆ ಹೊಸದಲ್ಲ. ನಮ್ಮ ಕರ್ನಾಟಕದಲ್ಲೇ ಬಾಳಿದ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ ಮಾತಾಡಿದ್ದು ಶಾಲಾ ಮಕ್ಕಳ ಬೆನ್ನಿನ ಹೊರೆಯ ಬಗ್ಗೆಯೇ. ಆ ಬಳಿಕ ಪ್ರೊಫೆಸರ್ ಯಶ್‌ಪಾಲ್ ಅವರ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ಚೀಲದ ತೂಕಕ್ಕಿಂತ ಅರ್ಥವಾಗದೇ ಕಲಿಯುವುದರ ಭಾರ ದೊಡ್ಡದು ಎಂಬುದು ಅದರ ತಿರುಳು. ನಾವು ಮಾತ್ರ ಸುಲಭವಾದ ಚೀಲವನ್ನೇ ಹಿಡಿದುಕೊಂಡೆವು. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಒಂದು ಮತ್ತು ಎರಡನೇ ತರಗತಿಗೆ 2 ಕಿಲೋ, ಒಂಬತ್ತು ಹತ್ತಕ್ಕೆ 5 ಕಿಲೋ ಮೀರಬಾರದೆಂದು ಆದೇಶಿಸಿತು. ಚೀಲವನ್ನು ತಕ್ಕಡಿಯಲ್ಲಿ ತೂಗಬಹುದು, ಅರ್ಥವಾಗದೆ ಕುಳಿತ ಮಗುವಿನ ಎದೆಭಾರವನ್ನು ತೂಗಲು ಶಿಕ್ಷಕನೇ ಬೇಕು. ಜಗಳೂರಿನ ಮೇಷ್ಟ್ರು ಭಾಗಾಕಾರಕ್ಕೆ ಹಿಂದಿರುಗಿದ್ದು ಯಶ್‌ಪಾಲ್ ಸಮಿತಿ ಹೇಳಿದ ಕೆಲಸವೇ. ಅವರಿಗೆ ನನ್ನ ಆಶೀರ್ವಾದ.

ವಕೀಲ, ಚಿತ್ರದುರ್ಗ

ತಾಯಿಯವರು ಏನು ಮಾಡಬಹುದೆಂದು ಕೇಳಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅದಕ್ಕಿಂತ ನೇರವಾಗಿ ತಮ್ಮ ಪ್ರಕರಣಕ್ಕೆ ಹೊಂದುವುದು 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಗಳು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡಬಾರದು, ಎಲ್ಲರೆದುರು ಅವಮಾನಿಸಬಾರದು, ಶಕ್ತಿ ಮೀರಿದ ಗುರಿ ಹೇರಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕೆಂದೂ ಹೇಳಲಾಗಿದೆ. ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದೆಂಬ ಕೇಂದ್ರದ ಮಾರ್ಗಸೂಚಿ 2024ರ ಜನವರಿಯಲ್ಲಿಯೇ ಬಂದಿದೆ.

ಜಗಳಕ್ಕೆ ಹೋಗಬೇಡಿ. ಶಾಲೆಗೆ ಒಂದು ಪುಟದ ಪತ್ರ ಬರೆದು, ಹತ್ತು ಪೋಷಕರ ಸಹಿ ಹಾಕಿ, ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋದರೆ ನಾಳೆ ಆ ಒಬ್ಬ ಮಗುವಿನ ಮೇಲೆ ಕಣ್ಣು ಬೀಳುತ್ತದೆ. ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗುವ ದಾರಿ ಇದ್ದೇ ಇದೆ.

ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸ್ಟೆಲ್, ದಾವಣಗೆರೆ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಚನ್ನಗಿರಿ ಕಡೆಯವಳು. ನಮ್ಮ ಹಾಸ್ಟೆಲಿನಲ್ಲಿ ಪರೀಕ್ಷೆಯ ಅಂಕಗಳು ಮೊದಲು ಅಪ್ಪನ ಮೊಬೈಲಿಗೆ ಹೋಗುತ್ತವೆ, ಆಮೇಲೆ ನಮಗೆ ತಿಳಿಯುತ್ತವೆ. ಭಾನುವಾರ ಮನೆಗೆ ಹತ್ತು ನಿಮಿಷ ಮಾತಾಡಲು ಅವಕಾಶವಿದೆ. ಆ ಹತ್ತು ನಿಮಿಷದಲ್ಲಿ ಎಂಟು ನಿಮಿಷ ಅಂಕದ ಮಾತೇ ಆಗುತ್ತದೆ. ನಮ್ಮ ಎಮ್ಮೆ ಕರು ಹಾಕಿದ್ದು ನನಗೆ ತಿಳಿದದ್ದು ಇಪ್ಪತ್ತು ದಿನಗಳ ನಂತರ, ಅದೂ ತಮ್ಮ ಬಾಯಿತಪ್ಪಿ ಹೇಳಿದ್ದರಿಂದ. ನನಗೆ ಓದು ಕಷ್ಟವಲ್ಲ, ನಾನು ಓದುತ್ತೇನೆ. ಊಟ ಮಾಡಿದೆಯಾ, ಎಮ್ಮೆ ಕರು ಹಾಕಿದೆ, ಅಡಿಕೆ ಕೊಯ್ಲು ಶುರುವಾಗಿದೆ ಎಂದು ಅಪ್ಪ ಮೊದಲು ಹೇಳಿದರೆ ಸಾಕು. ಅಂಕದ ವಿಷಯವನ್ನು ಆಮೇಲೆ ನಾನೇ ಹೇಳುತ್ತೇನೆ.

ಮೆಕ್ಕೆಜೋಳದ ವರ್ತಕ, ಇಬ್ಬರು ಮಕ್ಕಳ ತಂದೆ, ದಾವಣಗೆರೆ

ವೈದ್ಯರ ಮಾತನ್ನು ನಾನು ಪೂರ್ತಿ ಒಪ್ಪಿಲ್ಲ. ಸ್ಪರ್ಧೆ ಇರುವವರೆಗೆ ಬಿಗಿ ಇರಲೇಬೇಕು ಎಂಬುದು ಈಗಲೂ ನನ್ನ ಅಭಿಪ್ರಾಯ. ಆದರೆ ಚನ್ನಗಿರಿಯ ಮಗಳು ಬರೆದದ್ದನ್ನು ಓದಿ ಎದೆ ಭಾರವಾಯಿತು. ನನ್ನ ಹಿರಿಯ ಮಗಳೂ ಹಾಸ್ಟೆಲಿನಲ್ಲಿದ್ದಾಳೆ. ಅವಳ ಅಂಕಪಟ್ಟಿಯನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುತ್ತಿದ್ದೆ. ಕಳೆದ ಬಾರಿ ಅಂಕ ಕಡಿಮೆ ಬಂದಾಗ ಹಾಕಲಿಲ್ಲ. ಹಾಕದೇ ಇದ್ದದ್ದನ್ನು ಅವಳು ಗಮನಿಸಿರಬೇಕೆಂದು ಈಗ ಹೊಳೆಯುತ್ತಿದೆ. ಇನ್ನು ಮುಂದೆ ಯಾವುದನ್ನೂ ಹಾಕುವುದಿಲ್ಲ. ತಾಯಿಯವರು ಪತ್ರ ಬರೆದರೆ ನನ್ನ ಸಹಿಯೂ ಇರಲಿ, ತಾವು ಬರೆದದ್ದನ್ನು ನೋಡಿದರೆ ನನ್ನ ಕಿರಿಯ ಮಗ ಆರನೇ ತರಗತಿ ಓದುತ್ತಿರುವುದೂ ಅದೇ ಶಾಲೆಯಲ್ಲಿ ಎನಿಸುತ್ತದೆ.

ಎಂಟನೇ ತರಗತಿ ಬಾಲಕನ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರಿಸಿದ ಎಲ್ಲರಿಗೂ ಋಣಿಯಾಗಿದ್ದೇನೆ. ನಡೆದದ್ದನ್ನು ತಿಳಿಸುತ್ತೇನೆ.

ವಕೀಲರು ಹೇಳಿದಂತೆ ಒಂದು ಪುಟದ ಪತ್ರ ಸಿದ್ಧಪಡಿಸಿ ಒಂಬತ್ತು ಮಂದಿ ಪೋಷಕರು ಸಹಿ ಹಾಕಿದೆವು. ಅವರಲ್ಲಿ ಇಬ್ಬರು ಎ ವಿಭಾಗದ ಮಕ್ಕಳ ತಾಯಂದಿರು. ಎ ವಿಭಾಗದಲ್ಲಿ ಉಳಿಯುವ ಭಯ ಕೆಳಗಿಳಿದವರ ನೋವಿಗಿಂತ ಕಡಿಮೆಯೇನಲ್ಲ ಎಂದು ಅವರಿಂದ ತಿಳಿಯಿತು. ಒಬ್ಬರ ಮಗಳು ಉಗುರು ಕಚ್ಚಿ ಕಚ್ಚಿ ಬೆರಳ ತುದಿ ರಕ್ತ ಮಾಡಿಕೊಂಡಿದ್ದಾಳೆ. ಮುಖ್ಯೋಪಾಧ್ಯಾಯಿನಿಯವರು ನಮ್ಮನ್ನು ಕೂರಿಸಿ ಮುಕ್ಕಾಲು ಗಂಟೆ ಕೇಳಿಸಿಕೊಂಡರು. ಹಿಂದುಳಿದವರಿಗೆ ಪ್ರತ್ಯೇಕ ಗಮನ ಕೊಡಲೆಂದೇ ಈ ಕ್ರಮ ತಂದದ್ದೆಂದರು. ಗಮನ ಕೊಡಿ, ಸ್ಥಳ ಬದಲಿಸಬೇಡಿ, ಹೆಸರು ಓದಬೇಡಿ ಎಂದು ನಾವು ಕೇಳಿಕೊಂಡೆವು. ಪ್ರಾರ್ಥನೆಯಲ್ಲಿ ಹೆಸರು ಓದುವುದನ್ನು ತಕ್ಷಣ ನಿಲ್ಲಿಸುವುದಾಗಿಯೂ, ವಿಭಾಗಗಳ ವಿಷಯವನ್ನು ಆಡಳಿತ ಮಂಡಳಿಯ ಮುಂದಿಡುವುದಾಗಿಯೂ ಹೇಳಿದರು. ಬರವಣಿಗೆಯಲ್ಲಿ ಇನ್ನೂ ಏನೂ ಬಂದಿಲ್ಲ, ನಮ್ಮ ಪತ್ರಕ್ಕೆ ಸ್ವೀಕೃತಿ ಮಾತ್ರ ಸಿಕ್ಕಿದೆ.

ಈ ಸೋಮವಾರವೂ ಮಗನಿಗೆ ಹೊಟ್ಟೆನೋವು ಬಂತು. ವೈದ್ಯರ ಸಲಹೆಯಂತೆ ಬಿಸಿನೀರು ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತೆ. ಇಪ್ಪತ್ತು ನಿಮಿಷದ ಮೇಲೆ ತಾನೇ ಎದ್ದು, ಅರ್ಧ ದೋಸೆ ತಿಂದು ಹೋದ. ಮೇಷ್ಟ್ರು ಬರೆದದ್ದನ್ನು ನೆನೆದು ಅವನ ಗಣಿತವನ್ನು ಹಿಂದಕ್ಕೆ ಹುಡುಕುತ್ತಾ ಹೋದೆವು. ಆರನೇ ತರಗತಿಯ ಭಿನ್ನರಾಶಿಯಲ್ಲಿ ಸಿಕ್ಕಿಕೊಂಡಿದ್ದಾನೆ. ಸಂಜೆ ಅರ್ಧ ಗಂಟೆ ಅದನ್ನೇ ಮಾಡುತ್ತಿದ್ದೇವೆ, ಆಮೇಲೆ ಅವನು ಸೈಕಲ್ ತೆಗೆದುಕೊಂಡು ಕುಂದವಾಡ ಕೆರೆಯ ಕಡೆಗೆ ಹೋಗಿಬರುತ್ತಾನೆ. ಎ ವಿಭಾಗದ ಗೆಳೆಯನೂ ಜೊತೆಗಿರುತ್ತಾನೆ. ಗೆಳೆಯನ ಅಂಕವನ್ನು ನಾನು ಈಗ ಕೇಳುವುದಿಲ್ಲ.

ಆಡಳಿತ ಮಂಡಳಿಯವರು ಬರುವ ಶನಿವಾರ ಮಧ್ಯಾಹ್ನ ಪೋಷಕರನ್ನು ಕರೆದಿದ್ದಾರೆ. ವರ್ತಕರು ಬರುವುದಾದರೆ ಸಹಿಗಳು ಹತ್ತಾಗುತ್ತವೆ. ಆಪ್ತಸಮಾಲೋಚಕರ ನೇಮಕದ ಬಗ್ಗೆ ಹೇಗೆ ಕೇಳಬೇಕೆಂದು ವಕೀಲರು ಎರಡು ಸಾಲು ಬರೆದುಕೊಟ್ಟರೆ ಶುಕ್ರವಾರದೊಳಗೆ ಪತ್ರಕ್ಕೆ ಸೇರಿಸುತ್ತೇನೆ.